ಕಲಬುರಗಿಯ ಗುಮ್ಮಟಕ್ಕೆ ಸ್ಪೇನ್ ಯಾಕೆ ಬೇಕು?

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಬಗ್ಗೆ ಯಾರನ್ನಾದರೂ ಕೇಳಿ ನೋಡಿ, ಮೊದಲು ಬರುವ ಮಾತು ಒಂದೇ: "ಅದು ಸ್ಪೇನ್‌ದಾಗಿನ ಕಾರ್ಡೋಬಾ ಮಸೀದಿ ಇದ್ದಂಗ ಐತ್ರಿ." ಕೋಟೆ ಬಾಗಿಲಲ್ಲಿ ಸಿಗುವವರು ಹೇಳುತ್ತಾರೆ, ಪರೀಕ್ಷೆಗೆ ಓದುವ ಗೈಡುಗಳಲ್ಲಿ ಇದೆ, ಯೂಟ್ಯೂಬ್ ವಿಡಿಯೋಗಳಂತೂ ಅದನ್ನೇ ತಲೆಬರಹ ಮಾಡಿಕೊಂಡಿವೆ. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಕ್ವಿಜ್‌ನಲ್ಲೂ "ಕಾರ್ಡೋಬಾ ಮಸೀದಿಯನ್ನು ಹೋಲುವ ಕರ್ನಾಟಕದ ಮಸೀದಿ ಯಾವುದು?" ಅನ್ನೋ ಪ್ರಶ್ನೆ ಬಂತು. ಸರಿ ಹೇಳಿದ ತಂಡಕ್ಕೆ ಹತ್ತು ಅಂಕ. ನನ್ನ ತಕರಾರು ಇರೋದು ಆ ಪ್ರಶ್ನೆಯ ಮೇಲೆ.

ಯಾಕಂದ್ರೆ ಆ ಕಟ್ಟಡ ತನ್ನನ್ನು ಕಟ್ಟಿದವ ಯಾರು ಅಂತ ತಾನೇ ಹೇಳುತ್ತದೆ. ಅಲ್ಲಿಯ ಶಾಸನದಲ್ಲಿ ಹಿಜರಿ 769, ಅಂದರೆ ನಮ್ಮ ಲೆಕ್ಕದಲ್ಲಿ 1367, ಮೊದಲನೇ ಮುಹಮ್ಮದ್ ಶಾ ಬಹಮನಿಯ ಆಳ್ವಿಕೆ. ಕಟ್ಟಿದವನ ಹೆಸರು ರಫಿ, ತಂದೆ ಶಮ್ಸ್, ಅಜ್ಜ ಮನ್ಸೂರ್, ಊರು ಕಜ್ವೀನ್. ಹೆಸರು, ತಂದೆ ಹೆಸರು, ಅಜ್ಜನ ಹೆಸರು, ಊರು. ನಮ್ಮ ಎಮಿರೇಟ್ಸ್ ಐಡಿಯಲ್ಲೂ ಇಷ್ಟು ವಿವರ ಇರೋದಿಲ್ಲ. ಇಷ್ಟು ಸ್ಪಷ್ಟವಾಗಿ ಸಹಿ ಹಾಕಿ ಹೋದ ಮನುಷ್ಯನನ್ನು ಬಿಟ್ಟು ನಾವು ಆರುನೂರು ವರ್ಷ ಆದಮೇಲೆ ಸ್ಪೇನ್ ಕಡೆ ಯಾಕೆ ನೋಡ್ತೀವಿ?

ಕಾರ್ಡೋಬಾ ಹೋಲಿಕೆ ಹಳೆಯ ಇಂಗ್ಲಿಷ್ ಪುಸ್ತಕ, ಗೆಜೆಟಿಯರುಗಳಿಂದ ಬಂದದ್ದು. ಹಿಂದೂಸ್ತಾನದ ಬೇರೆ ಬಹುತೇಕ ದೊಡ್ಡ ಮಸೀದಿಗಳಿಗೆ ನಡುವೆ ತೆರೆದ ಅಂಗಳ ಇದೆ. ಇದಕ್ಕೆ ಇಲ್ಲ, ಪೂರ್ತಿ ಮೇಲೆ ಮುಚ್ಚಿದೆ. ಒಳಗೆ ಸಾಲು ಸಾಲು ಕಮಾನುಗಳು. ಅದನ್ನು ನೋಡಿ ಯುರೋಪಿನವರಿಗೆ ತಮಗೆ ಗೊತ್ತಿದ್ದ ಮಸೀದಿ ನೆನಪಾಯಿತು, ಅಷ್ಟೇ. ಆದರೆ ಎರಡರ ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಕಾರ್ಡೋಬಾದಲ್ಲಿ ತೆಳ್ಳನೆಯ ಕಂಬಗಳು, ಅವುಗಳ ಮೇಲೆ ಎರಡು ಅಂತಸ್ತಿನ ಕೆಂಪು-ಬಿಳಿ ಪಟ್ಟೆಯ ಕಮಾನು. ಅಲ್ಲಿ ಅಂಗಳವೂ ಇದೆ, ಕಿತ್ತಳೆ ಗಿಡ ನೆಟ್ಟ ದೊಡ್ಡ ಅಂಗಳ. ಕಲಬುರಗಿಯಲ್ಲಿ ದಪ್ಪನೆಯ ಚೌಕ ಕಂಬಗಳು, ತುದಿ ಚೂಪಾದ ಕಮಾನು, ಬಣ್ಣವಿಲ್ಲ, ಬರೀ ಗಾರೆ. ಮೇಲೆ ಮರದ ಚಾವಣಿ ಅಲ್ಲ, ಗುಮ್ಮಟಗಳು. "ಮುಚ್ಚಿದೆ" ಅನ್ನೋದೊಂದು ಬಿಟ್ಟರೆ ಹೋಲಿಕೆ ಏನು ಉಳೀತು? ಇಡ್ಲಿ ಬೆಳ್ಳಗಿದೆ, ಹಾಲೂ ಬೆಳ್ಳಗಿದೆ ಅಂದಹಾಗೆ ಆಯ್ತು.

ಸರಿ, ಹಾಗಾದರೆ ಕಜ್ವೀನ್ ಏನು? ಅದು ಇರಾನಿನ ಉತ್ತರಕ್ಕೆ, ತೆಹರಾನಿನ ಪಶ್ಚಿಮಕ್ಕೆ ಇರುವ ಹಳೇ ಪಟ್ಟಣ. ಅಲ್ಲಿಯ ಜಾಮಿ ಮಸೀದಿಯಲ್ಲಿ ಒಂದು ದೊಡ್ಡ ಗುಮ್ಮಟದ ಕೋಣೆ ಇದೆ. ಸೆಲ್ಜುಕ್ ಸರದಾರ ಖುಮಾರ್ತಾಶ್ ಕಟ್ಟಿಸಿದ್ದು. 1106ರ ಸುಮಾರಿಗೆ ಶುರುವಾಗಿ 1115ರ ಹೊತ್ತಿಗೆ ಮುಗಿದದ್ದು. ರಫಿ ಹುಟ್ಟಿ ಬೆಳೆದ ಊರಿನ ದೊಡ್ಡ ಕಟ್ಟಡ ಅದೇ. ಹಂಪಿ ಹತ್ತಿರದ ಹುಡುಗನಿಗೆ ವಿರೂಪಾಕ್ಷನ ಗೋಪುರ ಹೇಗೋ, ಕಜ್ವೀನಿನ ಮೇಸ್ತ್ರಿಗೆ ಆ ಗುಮ್ಮಟ ಹಾಗೆ.

ಸೆಲ್ಜುಕರ ಬಗ್ಗೆ ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಸಾಲು ಇದ್ದರೆ ಹೆಚ್ಚು. ಮಧ್ಯ ಏಷ್ಯಾದಿಂದ ಬಂದ ತುರ್ಕರು. 1055ರಲ್ಲಿ ಅವರ ದೊರೆ ತುಘ್ರಿಲ್ ಬಾಗ್ದಾದಿಗೆ ಹೊಕ್ಕ. ಮುಂದೆ ಇಸ್ಫಹಾನ್ ಅವರ ರಾಜಧಾನಿ. ಯುದ್ಧ, ವಂಶಾವಳಿ ಬಿಡಿ. ಕಟ್ಟಡ ಓದುವವರಿಗೆ ಮುಖ್ಯ ಆಗೋದು ಇಸ್ಫಹಾನಿನ ಜಾಮಿ ಮಸೀದಿಯ ಎರಡು ಗುಮ್ಮಟಗಳು. ದಕ್ಷಿಣದ್ದನ್ನು 1086-87ರಲ್ಲಿ ಸುಲ್ತಾನ್ ಮಲಿಕ್ ಶಾನ ವಜೀರ ನಿಜಾಮ್ ಅಲ್-ಮುಲ್ಕ್ ಕಟ್ಟಿಸಿದ. ಅವನ ಮೇಲಿನ ಜಿದ್ದಿಗೆ ಅನ್ನುವ ಹಾಗೆ ಎದುರಾಳಿ ತಾಜ್ ಅಲ್-ಮುಲ್ಕ್ 1088ರಲ್ಲಿ ಉತ್ತರದ ಗುಮ್ಮಟ ಎಬ್ಬಿಸಿದ. ಇಬ್ಬರು ಮಂತ್ರಿಗಳ ಜಗಳದಿಂದ ಜಗತ್ತಿಗೆ ಎರಡು ಒಳ್ಳೇ ಗುಮ್ಮಟ ಸಿಕ್ಕವು. (ನಮ್ಮ ಕಡೆ ಮಂತ್ರಿಗಳ ಜಗಳದಿಂದ ಏನು ಸಿಗುತ್ತೆ ಅಂತ ನಾನು ಹೇಳೋದಿಲ್ಲ.) ಎರಡೂ ಬರೀ ಇಟ್ಟಿಗೆ. ಕಬ್ಬಿಣ ಇಲ್ಲ, ಕಾಂಕ್ರೀಟ್ ಇಲ್ಲ. ಒಂಬತ್ತು ನೂರು ವರ್ಷ ಆದರೂ ನಿಂತಿವೆ. 2012ರಲ್ಲಿ ಯುನೆಸ್ಕೋ ಆ ಮಸೀದಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಸಿವಿಲ್ ಓದುವ ನಾನು ಸ್ವಲ್ಪ ತಲೆ ತಿನ್ನಲೇಬೇಕು, ಕ್ಷಮಿಸಿ. ಗುಮ್ಮಟ ಕಟ್ಟೋದರಲ್ಲಿ ಕಷ್ಟ ಇರೋದು ಗುಮ್ಮಟದಲ್ಲಿ ಅಲ್ಲ, ಅದರ ಕೆಳಗೆ. ಕೋಣೆ ಚೌಕ, ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡಗಿನದ್ದನ್ನು ಕೂರಿಸಿದರೆ ನಾಲ್ಕು ಮೂಲೆಗಳಲ್ಲಿ ಕೆಳಗೆ ಆಸರೆ ಇರೋದಿಲ್ಲ. ಇರಾನಿನವರು ಸೆಲ್ಜುಕರಿಗಿಂತ ಎಷ್ಟೋ ಮೊದಲೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಪ್ರತಿ ಮೂಲೆಗೆ ಅಡ್ಡಲಾಗಿ ಒಂದು ಸಣ್ಣ ಕಮಾನು. ಆಗ ನಾಲ್ಕು ಮೂಲೆ ಎಂಟಾಗುತ್ತದೆ. ಎಂಟರ ಮೇಲೆ ಇನ್ನೂ ಸಣ್ಣ ಕಮಾನು ಹಾಕಿದರೆ ಹದಿನಾರು. ಹದಿನಾರು ಮೂಲೆ ಅಂದರೆ ಹೆಚ್ಚುಕಡಿಮೆ ದುಂಡಗೇ ಆಯ್ತಲ್ಲ, ಅದರ ಮೇಲೆ ಗುಮ್ಮಟ ಎಬ್ಬಿಸು. ಸೆಲ್ಜುಕ್ ಕಾಲದ ಮೇಸ್ತ್ರಿಗಳು ಮಾಡಿದ್ದೇನಂದರೆ ಈ ಉಪಾಯವನ್ನು ಮುಚ್ಚಿಡದೆ ಅದನ್ನೇ ಅಲಂಕಾರ ಮಾಡಿದ್ದು. ಮೂಲೆಯ ಕಮಾನಿನ ಒಳಗೆ ಇನ್ನಷ್ಟು ಪುಟ್ಟ ಕಮಾನುಗಳನ್ನು ಒಡೆದು, ಭಾರ ಯಾವ ದಾರಿಯಲ್ಲಿ ಕೆಳಗಿಳಿಯುತ್ತೆ ಅನ್ನೋದನ್ನ ಕೆಳಗೆ ನಿಂತವರ ಕಣ್ಣಿಗೇ ಕಾಣುವಂತೆ ಮಾಡಿದರು.

ಈಗ ಒಂದು ತಾರೀಖು ಗಮನಿಸಿ. ಕಜ್ವೀನಿನ ಗುಮ್ಮಟ ಏಳುತ್ತಿದ್ದ ಆ ವರ್ಷಗಳಲ್ಲೇ, 1112ರಲ್ಲಿ, ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದಂಡನಾಯಕ ತನ್ನ ಗುಡಿ ಕಟ್ಟಿಸಿದ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ. ಶಾಸನ ಆ ಗುಡಿಯನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತೆ. ಕಲ್ಯಾಣದ ಚಾಲುಕ್ಯರ ಗುಡಿಗಳಲ್ಲಿ ನಡುಮಂಟಪದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಏನು ಕಾಣುತ್ತೆ? ನಾಲ್ಕು ತೊಲೆಯ ಚೌಕ. ಅದರ ಮೂಲೆಗಳಿಗೆ ಅಡ್ಡಲಾಗಿ ಕಲ್ಲುಚಪ್ಪಡಿ. ಚೌಕ ತಿರುಗಿ ಎಂಟು ಮೂಲೆ ಆಗುತ್ತೆ. ಆಮೇಲೆ ಸುತ್ತು ಸುತ್ತಾಗಿ ಕಲ್ಲು ಮುಂದೆ ಚಾಚಿ, ನಡುವೆ ತಾವರೆ. ಭುವನೇಶ್ವರಿ ಅನ್ನುತ್ತಾರಲ್ಲ, ಅದು. ಅಂದರೆ ಎರಡು ಊರು, ಎರಡು ಧರ್ಮ, ನಡುವೆ ಒಂದು ಸಮುದ್ರ. ಲೆಕ್ಕ ಮಾತ್ರ ಒಂದೇ. ಚೌಕವನ್ನು ದುಂಡಗೆ ಮಾಡೋದು ಹೇಗೆ?

ಉತ್ತರ ಬೇರೆ ಬೇರೆ, ಅದೂ ನಿಜ. ನಮ್ಮ ಗುಡಿಯ ಕಲ್ಲು ಒಂದರ ಮೇಲೊಂದು ಮಲಗಿ ನೇರ ಕೆಳಕ್ಕೆ ಭಾರ ಹಾಕುತ್ತೆ. ಪಕ್ಕಕ್ಕೆ ನೂಕೋದಿಲ್ಲ. ಅದಕ್ಕೇ ಗಟ್ಟಿ, ಆದರೆ ಅಗಲ ಬಹಳ ಸಿಗೋದಿಲ್ಲ, ಕಂಬಗಳು ಹತ್ತಿರ ಹತ್ತಿರ ಬೇಕು. ಕಮಾನು ಪಕ್ಕಕ್ಕೆ ನೂಕುತ್ತೆ. ಆ ನೂಕನ್ನು ತಡೆಯೋಕೆ ದಪ್ಪ ಗೋಡೆ ಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ಕಮಾನು ಬೇಕು. ಆದರೆ ಅಗಲ ಸಿಗುತ್ತೆ. 1367ರಲ್ಲಿ ಕಲಬುರಗಿಯಲ್ಲಿ ಈ ಎರಡೂ ಕೈಗಳು ಒಂದೇ ಕೆಲಸದ ಜಾಗದಲ್ಲಿ ಕೂಡಿದವು ಅಂತ ನಾನು ನಂಬ್ತೀನಿ. ರಫಿ ಕಜ್ವೀನಿನಿಂದ ನೂರಾರು ಕಲ್ಲುಕುಟಿಗರನ್ನು ಹೊತ್ತುಕೊಂಡು ಬರಲಿಕ್ಕಾಗೋದಿಲ್ಲ. ಕಲ್ಲು ಒಡೆದವರು, ಸುಣ್ಣ ಅರೆದವರು, ಮೇಲಕ್ಕೆ ಹೊತ್ತವರು ನಮ್ಮ ಸುತ್ತಮುತ್ತಲ ಹಳ್ಳಿಯವರೇ ಇರಬೇಕು. ಅವರ ಅಜ್ಜ ಮುತ್ತಜ್ಜಂದಿರು ಗುಡಿ ಕಟ್ಟಿದವರು. ಅವರಿಗೆ "ಮೂಲೆಗೆ ಅಡ್ಡ ಹಾಕು" ಅಂದರೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಕಟ್ಟಡವನ್ನೇ ನೋಡಿದರೆ ಈ ಮಾತು ಇನ್ನೂ ಬಲವಾಗುತ್ತೆ. ಉದ್ದ 216 ಅಡಿ, ಅಗಲ 176 ಅಡಿ. ಪಶ್ಚಿಮದಲ್ಲಿ ಮಿಹ್ರಾಬಿನ ಮುಂದೆ ಎತ್ತರದ ಚೌಕ ಕಟ್ಟೆಯ ಮೇಲೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಅರವತ್ತಕ್ಕೂ ಹೆಚ್ಚು ಸಣ್ಣ ಗುಮ್ಮಟಗಳು. ಮಿಹ್ರಾಬಿನ ಮುಂದೆ ಎಲ್ಲಕ್ಕಿಂತ ದೊಡ್ಡ ಗುಮ್ಮಟ ಇಡೋದು, ಅದನ್ನೇ ಇಡೀ ಮಸೀದಿಯ ತಲೆ ಮಾಡೋದು, ಇದು ಇಸ್ಫಹಾನ್, ಕಜ್ವೀನ್ ಕಡೆಯ ಪಾಠ. ಆದರೆ ಸೆಲ್ಜುಕ್ ಕಾಲದಿಂದ ಇರಾನಿನಲ್ಲಿ ಪ್ರಸಿದ್ಧವಾದ ಇನ್ನೊಂದು ಪಾಠ, ಅಂದರೆ ನಡುವೆ ಅಂಗಳ, ನಾಲ್ಕು ದಿಕ್ಕಿಗೆ ನಾಲ್ಕು ದೊಡ್ಡ ಕಮಾನಿನ ಚಾವಡಿ, ಅದನ್ನು ಇಲ್ಲಿ ಪೂರ್ತಿ ಬಿಟ್ಟಿದ್ದಾರೆ. ನೀಲಿ ಹೆಂಚೂ ಇಲ್ಲ, ಇಟ್ಟಿಗೆಯ ಕಸೂತಿಯೂ ಇಲ್ಲ. ಬದಲಿಗೆ ಮೂರು ಬದಿಗೆ ಅಗಲವಾದ, ಗಿಡ್ಡ ಕಾಲಿನ ಕಮಾನುಗಳ ಓಣಿ. ಆ ಕಮಾನುಗಳು ನೆಲದಿಂದ ಬಹಳ ಎತ್ತರ ಏರದೆ ತೋಳು ಚಾಚಿಬಿಡುತ್ತವೆ; ಒಳಗೆ ನಿಂತರೆ ದೊಡ್ಡ ಆಲದ ಮರದ ಕೆಳಗೆ ನಿಂತ ಹಾಗೆ. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು ಕಂಡವರಿಗೆ ಈ ಮಸೀದಿಗೆ ಯಾಕೆ ಅಂಗಳ ಇಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪಂಡಿತರು ಬೇರೆ ಕಾರಣ ಕೊಡಬಹುದು.

ಪಂಡಿತರು ಅಂದಾಗ ನೆನಪಾಯ್ತು. ಇದು ಮಸೀದಿಯಾಗಿ ಹುಟ್ಟಿದ್ದೇ ಅಲ್ಲ, ಫಿರೋಜ್ ಶಾ ಬಹಮನಿಯ (ಆಳ್ವಿಕೆ 1397–1422) 'ಹಜಾರ್ ಸುತೂನ್', ಅಂದರೆ ಸಾವಿರ ಕಂಬದ ಸಭಾಂಗಣ ಅಂತ ಹೆಲೆನ್ ಫಿಲೊನ್ ಎಂಬ ವಿದ್ವಾಂಸೆ ವಾದಿಸಿದ್ದಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆ ಆಗಿಲ್ಲ. ಕಟ್ಟಡದಲ್ಲಿ ಸಿಕ್ಕ ಸಹಿಗೆ ನಾನು ಹೆಚ್ಚು ಬೆಲೆ ಕೊಡ್ತೀನಿ. ಆದರೆ ಇಂಥದೊಂದು ಚರ್ಚೆ ನಡೀತಿದೆ ಅನ್ನೋದೇ ಸಂತೋಷ. ಹಜಾರ್ ಸುತೂನ್ ಅಂತ ಓದಿದ ಕೂಡಲೇ ನನಗೆ ಮೂಡಬಿದಿರೆಯ ಸಾವಿರ ಕಂಬದ ಬಸದಿ (1430) ಕಣ್ಣಮುಂದೆ ಬಂತು. ಯಾವ ಭಾಷೆಯವರಾದರೂ ಕಂಬ ಎಣಿಸೋಕೆ ಬೇಜಾರಾದಾಗ ಸಾವಿರ ಅಂದುಬಿಡ್ತಾರೆ.

ಇನ್ನು ಭಾಷೆ. ಗುಮ್ಮಟ ಅನ್ನೋ ನಮ್ಮ ಶಬ್ದ ಫಾರಸಿಯ ಗುಂಬದ್‌ನಿಂದ ಬಂದದ್ದು. ಕಮಾನು ಫಾರಸಿಯಲ್ಲಿ ಬಿಲ್ಲು. ಗಚ್ಚು, ನಮ್ಮ ಅಜ್ಜಿ ಮನೆಯ ನೆಲಕ್ಕೆ ಹಾಕಿದ್ದು, ಅದೂ ಫಾರಸಿಯ ಗಚ್. ಮೇಸ್ತ್ರಿ ಪೋರ್ಚುಗೀಸರು ಕೊಟ್ಟದ್ದು. ಸೆಂಟ್ರಿಂಗ್ ಇಂಗ್ಲಿಷರದು. ನಮ್ಮ ಕಾಕಾ ಶಾರ್ಜಾದಲ್ಲಿ ಹದಿನಾಲ್ಕು ವರ್ಷದಿಂದ ಸೆಂಟ್ರಿಂಗ್ ಕೆಲಸ ಮಾಡ್ತಾರೆ. ಅವರಿಗೆ ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಸುರಿಯೋ ಮೊದಲು ಹೊಡೆಯೋ ಪ್ಲೈವುಡ್ಡು, ಜಾಕಿ, ಪೈಪು. ಆದರೆ ಆ ಶಬ್ದದ ಮೊದಲ ಅರ್ಥ ಕಮಾನು ಒಣಗೋ ತನಕ ಅದರ ಕೆಳಗೆ ಕೊಡೋ ಮರದ ಆಸರೆ. ಇದನ್ನ ಕಾಕಾಗೆ ಹೇಳಿದಾಗ ಅವರು, "ಹಂಗಾದ್ರ ನಾವು ಹಳೇ ಮಂದೀನೇ ಬಿಡಪ್ಪಾ" ಅಂದು ಚಹಾ ಕುಡಿದರು.

ಇದೆಲ್ಲ ದುಬೈನಲ್ಲಿ ಕೂತು ಬರೆಯೋದಕ್ಕೂ ಕಾರಣ ಇದೆ. ನಾವೆಲ್ಲ ಇಬ್ನ್ ಬತೂತಾ ಮಾಲ್‌ಗೆ ಹೋಗಿದ್ದೀವಿ. ಅಲ್ಲಿ ಪರ್ಷಿಯಾ ಕೋರ್ಟ್‌ನ ನೀಲಿ ಗುಮ್ಮಟದ ಕೆಳಗೆ ಕಾಫಿ ಕುಡಿದು, ತಲೆ ಎತ್ತಿ ಫೋಟೋ ಹೊಡೆದು, ಸೀದಾ ಇಂಡಿಯಾ ಕೋರ್ಟ್‌ಗೆ ನಡೆದು ಹೋಗ್ತೀವಿ. ಎರಡು ನಿಮಿಷದ ದಾರಿ. ಆ ಎರಡು ನಿಮಿಷದ ನಡುವೆ ಕಲಬುರಗಿ, ಬೀದರ್ ಇವೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಅನಿಸಿದೆ? ನಿಜವಾದ ದಾರಿ ಹೊರ್ಮುಜ್ ಮೂಲಕ ಇತ್ತು. ಈಗಿನ ರಾಸ್ ಅಲ್ ಖೈಮಾ ಇರುವಲ್ಲಿ ಜುಲ್ಫಾರ್ ಬಂದರು, ಎದುರಿಗೆ ಹೊರ್ಮುಜ್, ಆಚೆಗೆ ಚೌಲ್, ದಾಭೋಲ್, ಗೋವಾ. ಈ ಕಡೆಯಿಂದ ಕುದುರೆ, ಆ ಕಡೆಯಿಂದ ಬಟ್ಟೆ, ಮೆಣಸು. ಕುದುರೆಯ ಜೊತೆಗೆ ಮೇಸ್ತ್ರಿ, ಹಕೀಮ, ಕವಿ, ಲೆಕ್ಕ ಬರೆಯುವವ. ಇಬ್ನ್ ಬತೂತಾ ತಾನೇ ನಮ್ಮ ಹೊನ್ನಾವರ, ಮಂಗಳೂರುಗಳಲ್ಲಿ ಇಳಿದು ಹೋದವನು. ನಾವು ಈಗ ಮಂಗಳೂರು–ದುಬೈ ವಿಮಾನದಲ್ಲಿ ಮಾಡ್ತಿರೋದು ಅದೇ ದಾರಿಯ ವಾಪಸ್ ಪ್ರಯಾಣ.

ಇಲ್ಲಿಯ ಹಳೇ ಮಸೀದಿ ನೋಡಬೇಕಂದ್ರೆ ಫುಜೈರಾಕ್ಕೆ ಹೋಗಿ. ಬಿದಿಯಾ ಎಂಬ ಊರಲ್ಲಿ, ಗುಡ್ಡದ ಬುಡದಲ್ಲಿ, ಕಲ್ಲು-ಮಣ್ಣಿನ ಪುಟ್ಟ ಮಸೀದಿ. ಒಳಗಿನ ಅಳತೆ ಸುಮಾರು ಏಳು ಮೀಟರ್ ಚೌಕವೂ ಇಲ್ಲ. ನಡುವೆ ಒಂದೇ ಕಂಬ. ಅದು ಚಾವಣಿಯನ್ನು ನಾಲ್ಕು ಚೌಕ ಮಾಡುತ್ತೆ, ಒಂದೊಂದು ಚೌಕದ ಮೇಲೂ ಮೆಟ್ಟಿಲು ಮೆಟ್ಟಿಲಾದ ಒಂದು ತಗ್ಗು ಗುಮ್ಮಟ. ನಾಲ್ಕೂ ಒಂದೇ ಅಳತೆಯವಲ್ಲ. ಮರ ಬಳಸಿಲ್ಲ. ಸಂಶೋಧಕರು ಅದರ ಕಾಲವನ್ನು 1446ರ ಸುಮಾರು ಅಂತ ಇಟ್ಟಿದ್ದಾರೆ. ಇಡೀ ಎಮಿರೇಟ್ಸ್‌ನಲ್ಲಿ ಇವತ್ತಿಗೂ ನಮಾಜು ನಡೆಯುವ ಅತ್ಯಂತ ಹಳೇ ಮಸೀದಿ ಅದೇ. (ಇದಕ್ಕಿಂತ ಹಳೇ ಮಸೀದಿಯ ಅವಶೇಷ ಅಬುಧಾಬಿಯ ಅಲ್ ಐನ್‌ನಲ್ಲಿ ಸಿಕ್ಕಿದೆ, ಸಾವಿರ ವರ್ಷದ್ದು, ಅದೂ ಹೊಸ ಮಸೀದಿ ಕಟ್ಟುವ ಜಾಗದಲ್ಲಿ!) ಅಂದರೆ ಕಲಬುರಗಿಯ ಮಸೀದಿ ಬಿದಿಯಾಗಿಂತ ಸುಮಾರು ಎಂಬತ್ತು ವರ್ಷ ದೊಡ್ಡದು. ಗೆಳೆಯರಿಗೆ ಇದನ್ನ ಹೇಳಿದಾಗ ಒಬ್ಬನೂ ನಂಬಲಿಲ್ಲ, ಫೋನ್ ತೆಗೆದು ನೋಡಿದರು. ಬಿದಿಯಾದಲ್ಲಿ ನಾನು ಮೆಚ್ಚಿದ್ದು ಇನ್ನೊಂದು: ಅಲ್ಲಿ ಯಾರೂ ಅದನ್ನ ಬೇರೆ ಯಾವ ದೇಶದ ಕಟ್ಟಡಕ್ಕೂ ಹೋಲಿಸಲಿಲ್ಲ. ಅದು ಬಿದಿಯಾ ಮಸೀದಿ, ಅಷ್ಟೇ.

ಈಗ ಸಂಘದ ವಿಷಯಕ್ಕೆ ಬರ್ತೀನಿ. ಈ ವರ್ಷದ ರಾಜ್ಯೋತ್ಸವದ ವೇದಿಕೆಗೆ ಕಲಬುರಗಿಯ ಗುಮ್ಮಟ ಮಾಡೋಣ ಅಂತ ನಾನು ಸಭೆಯಲ್ಲಿ ಹೇಳಿದೆ. ಒಂದು ವರ್ಷ ಹಂಪಿಯ ಕಲ್ಲಿನ ರಥ ಆಗಿದೆ, ಇನ್ನೊಂದು ವರ್ಷ ಮೈಸೂರು ಅರಮನೆ. ಒಬ್ಬ ಸೀನಿಯರ್ ಅಣ್ಣ, ಒಳ್ಳೇ ಮನುಷ್ಯರೇ, ಕೇಳಿದರು: "ಅದು ಹೊರಗಿನಿಂದ ಬಂದದ್ದಲ್ವಾ? ಕನ್ನಡದ್ದು ಅಂತ ಹೇಗೆ ತೋರಿಸೋದು?" ಪ್ರಶ್ನೆ ಪ್ರಾಮಾಣಿಕವಾದದ್ದು. ಸಭೆಯಲ್ಲಿ ಸಮಯ ಇರಲಿಲ್ಲ, ಅದಕ್ಕೆ ಇಲ್ಲಿ ಉತ್ತರ.

ಅಣ್ಣಾ, ಮೈಸೂರು ಅರಮನೆಯ ಮೇಲೆ ಏನಿದೆ? ಗುಮ್ಮಟಗಳು. ಅದರ ನಕ್ಷೆ ಮಾಡಿದವರು ಹೆನ್ರಿ ಇರ್ವಿನ್, ಬ್ರಿಟಿಷರು. ಕೆಲಸ ಮುಗಿದದ್ದು 1912ರಲ್ಲಿ. ಅದನ್ನು ನಾವು ಎರಡು ಮಾತಿಲ್ಲದೆ ಥರ್ಮಾಕೋಲ್‌ನಲ್ಲಿ ಕೊರೆದು, ದೀಪ ಹಾಕಿ, "ನಮ್ಮ ಹೆಮ್ಮೆ" ಅಂತ ಬರೆದೆವು. ತಪ್ಪೇನಿಲ್ಲ, ಹೆಮ್ಮೆಯೇ. ನೂರು ಚಿಲ್ಲರೆ ವರ್ಷದ ಬ್ರಿಟಿಷರ ನಕ್ಷೆ ಕನ್ನಡದ್ದಾಗಬಹುದಾದರೆ ಆರುನೂರ ಐವತ್ತು ವರ್ಷದಿಂದ ಭೀಮಾ ಸೀಮೆಯ ಬಿಸಿಲಲ್ಲಿ ನಿಂತಿರೋದು ಯಾಕೆ ಆಗಬಾರದು? ಗೋಳಗುಮ್ಮಟದ ವಿಷಯದಲ್ಲಿ ಯಾರೂ ಈ ಪ್ರಶ್ನೆ ಕೇಳೋದಿಲ್ಲ, ಯಾಕಂದ್ರೆ ಅದು ದೊಡ್ಡದು, ಪಠ್ಯದಲ್ಲಿದೆ, ಪಿಸುಗುಟ್ಟಿದರೆ ಕೇಳಿಸುತ್ತೆ. ಅಲ್ಲೂ ಮೇಲೆ ನೋಡಿ: ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕದ ಹಾಗೆ ಹೆಣೆದುಕೊಂಡ ಕಮಾನುಗಳು. ಅದೇ ಹಳೇ ಲೆಕ್ಕ, ಇನ್ನೂ ದೊಡ್ಡ ಅಂಕಿಯಲ್ಲಿ.

"ಹೊರಗಿನವರು" ಅನ್ನೋ ಮಾತಿಗೆ ನಮ್ಮ ಊರಲ್ಲೇ ಹಳೇ ಕತೆ ಇದೆ. ಬಹಮನಿ ದರ್ಬಾರಿನಲ್ಲಿ ಎರಡು ಗುಂಪು: ಮೊದಲೇ ನೆಲೆಸಿದ್ದ ದಖ್ಖನಿಗಳು, ಆಮೇಲೆ ಸಮುದ್ರ ದಾಟಿ ಬಂದ ಆಫಾಕಿಗಳು. ಬಂದವರನ್ನು ಘರೀಬ್ ಅಂತಲೂ ಕರೆಯುತ್ತಿದ್ದರು. ಆ ಶಬ್ದಕ್ಕೆ ಅರಬ್ಬಿಯಲ್ಲಿ ಪರದೇಶಿ, ಅಪರಿಚಿತ ಅಂತ ಅರ್ಥ. ನಮ್ಮಲ್ಲಿ ಅದು ಬಡವ ಆಗಿದೆ. ಎರಡೂ ಅರ್ಥ ಗಲ್ಫ್‌ನಲ್ಲಿ ಇರುವವರಿಗೆ ಚೆನ್ನಾಗಿ ಗೊತ್ತು. ಯಾರಿಗೆ ಕೆಲಸ, ಯಾರಿಗೆ ಪದವಿ ಅನ್ನೋ ಜಗಳ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಕಜ್ವೀನಿನ ಉತ್ತರಕ್ಕೆ ಬೆಟ್ಟದಾಚೆ ಇರುವ ಗೀಲಾನಿನಿಂದ 1453ರಲ್ಲಿ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನ್ ಬಹಮನಿಗಳ ಪ್ರಧಾನಿಯಾದ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ರಫಿ ಕಲಬುರಗಿಯಲ್ಲಿ ಬಿಟ್ಟಿದ್ದನ್ನೆಲ್ಲ ಗವಾನ್ ತಂದ: ಅಂಗಳ, ನಾಲ್ಕು ಕಮಾನಿನ ಚಾವಡಿ, ಬಣ್ಣದ ಹೆಂಚು. ಬೀದರಿನಲ್ಲಿ ನಿಂತರೆ ಇರಾನಿನ ಒಂದು ತುಂಡನ್ನು ಕತ್ತರಿಸಿ ತಂದಿಟ್ಟ ಹಾಗೇ ಇದೆ. ಒಂಬತ್ತು ವರ್ಷದ ಮೇಲೆ, 1481ರಲ್ಲಿ, ಎದುರಾಳಿಗಳು ಹುಟ್ಟಿಸಿದ ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಆಮೇಲೆ ಬಹಮನಿ ರಾಜ್ಯವೂ ಬಹಳ ದಿನ ಒಟ್ಟಾಗಿ ಉಳಿಯಲಿಲ್ಲ. ಮದರಸಾದ ಒಂದು ಪಾಲು ಔರಂಗಜೇಬನ ಕಾಲದ ಮದ್ದಿನ ಸ್ಫೋಟದಲ್ಲಿ ಹಾರಿಹೋಯಿತು.

ನನಗೆ ಕೇಳಿದರೆ ಬೀದರಿನ ಮದರಸಾಗಿಂತ ಕಲಬುರಗಿಯ ಮಸೀದಿ ದೊಡ್ಡ ಕೆಲಸ. ಗವಾನ್ ತನ್ನ ಊರನ್ನು ತಂದ. ರಫಿ ತನ್ನ ಊರಿನ ಲೆಕ್ಕವನ್ನು ಮಾತ್ರ ತಂದು, ಬಂದ ಊರಿಗೆ ಬೇಕಾದ್ದನ್ನು ಕಟ್ಟಿದ. ಆ ಮಸೀದಿ ಇರಾನಿನಲ್ಲಿ ಇಲ್ಲ, ಸ್ಪೇನಿನಲ್ಲಿ ಇಲ್ಲ. ಇರೋದು ಕಲಬುರಗಿಯಲ್ಲಿ ಮಾತ್ರ. ಹೊಸ ಊರಲ್ಲಿ ಕೆಲಸ ಮಾಡೋ ನಮಗೆ ಈ ಎರಡು ರೀತಿಯ ನಡುವಿನ ವ್ಯತ್ಯಾಸ ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು?

ಹೆಸರಿನ ವಿಷಯ ಒಂದು ಉಳಿದಿದೆ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಸಂಘದಿಂದ ಪ್ರತಿ ವರ್ಷ ಹೊಸಬರನ್ನು ಕರಕೊಂಡು ಹೋಗ್ತೀವಿ. 2007ರಲ್ಲಿ ತೆರೆದದ್ದು, 82 ಗುಮ್ಮಟ. ಕಟ್ಟಿದವರು ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರು ಅಂತ ಅಲ್ಲಿ ಹೇಳ್ತಾರೆ. ನೆಲದ ಮೇಲಿನ ಆ ಒಂದೇ ದೊಡ್ಡ ಜಮಖಾನೆಯನ್ನು ನೇಯ್ದವರು ಇರಾನಿನ ಸಾವಿರಕ್ಕೂ ಮಿಕ್ಕಿದ ನೇಕಾರರು. ಪ್ರತಿ ಸಲ ಹೋದಾಗಲೂ ಆ ಮೂರು ಸಾವಿರದಲ್ಲಿ ನಮ್ಮ ಕಡೆಯವರು ಎಷ್ಟು ಜನ ಇದ್ದರೋ ಅಂತ ಕಾಕಾ ಕೇಳ್ತಾರೆ. ಕಲಬುರಗಿಯಲ್ಲೂ ಹಾಗೇ, ಶಾಸನದಲ್ಲಿ ರಫಿಯ ಅಜ್ಜನ ಹೆಸರಿದೆ, ಕಲ್ಲು ಹೊತ್ತವರದು ಇಲ್ಲ. ಅದಕ್ಕೇ ನನಗೆ ಇರುವ ಒಂದು ಹೆಸರನ್ನೂ "ಕಾರ್ಡೋಬಾ" ಅನ್ನೋ ಮಾತಿನ ಕೆಳಗೆ ಹೂತುಬಿಡೋದು ಸರಿ ಅನಿಸೋದಿಲ್ಲ. ಇಲ್ಲದವರ ಹೆಸರು ಹುಡುಕೋಕೆ ಹೊರಡೋ ದಾರಿಯೂ ಇರುವ ಆ ಒಂದು ಹೆಸರಿನಿಂದಲೇ ಶುರುವಾಗಬೇಕು.

2014ರಿಂದ ಕಲಬುರಗಿ, ಬೀದರ್, ವಿಜಯಪುರದ ಈ ಸ್ಮಾರಕಗಳು ದಖ್ಖನ್ ಸುಲ್ತಾನರ ಕೋಟೆ-ಸ್ಮಾರಕಗಳು ಎಂಬ ಹೆಸರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಕಾಯುತ್ತಾ ಕೂತಿವೆ. ಅದು ನಮ್ಮ ಕೈಲಿರೋ ಕೆಲಸ ಅಲ್ಲ. ನಮ್ಮ ಕೈಲಿರೋದು ವೇದಿಕೆ, ಮತ್ತು ಕ್ವಿಜ್. ಕ್ವಿಜ್ ನಡೆಸುವವರಿಗೆ ನನ್ನ ಬೇಡಿಕೆ: ಈ ಸಲ "ಕಲಬುರಗಿಯ ಜಾಮಿ ಮಸೀದಿಯ ಮೇಲೆ ಯಾರ ಹೆಸರಿದೆ?" ಅಂತ ಕೇಳಿ, ಬೇಕಾದರೆ ಇಪ್ಪತ್ತು ಅಂಕ ಇಡಿ. ವೇದಿಕೆಗೆ ನಾನು ಲೆಕ್ಕ ಹಾಕಿದ್ದೀನಿ. ಆರು ಅಡಿ ಚೌಕದ ಮರದ ಚೌಕಟ್ಟು, ಮೂಲೆಗೆ ನಾಲ್ಕು ಕಮಾನು, ಮೇಲೆ ಥರ್ಮಾಕೋಲ್ ಗುಮ್ಮಟ. ಮುಂದಿನ ಬದಿ ತೆರೆದಿಟ್ಟರೆ ಚೌಕ ಎಂಟಾಗಿ, ಎಂಟು ದುಂಡಗಾಗೋದು ಪ್ರೇಕ್ಷಕರಿಗೂ ಕಾಣುತ್ತೆ. ಪಕ್ಕದಲ್ಲಿ ಇಟಗಿಯ ಭುವನೇಶ್ವರಿಯ ಒಂದು ದೊಡ್ಡ ಫೋಟೋ ತೂಗುಹಾಕೋಣ. ಸುತ್ತಿಗೆ ಹಿಡಿಯೋಕೆ ಬರುವವರು ನಾಲ್ಕು ಜನ ಬೇಕು. ಆಸರೆ ಹೇಗೆ ಕೊಡೋದು ಅಂತ ತೋರಿಸಿಕೊಡ್ತೀನಿ ಅಂತ ಕಾಕಾ ಒಪ್ಪಿದ್ದಾರೆ, ಆದರೆ ಅವರ ರಜೆ ದಿನ ಮಾತ್ರ, ಮತ್ತೆ ಊಟಕ್ಕೆ ಜೋಳದ ರೊಟ್ಟಿ ಇರಬೇಕಂತೆ.